ದೊಡ್ಡ ಸೊಸೆಯ ಸೂಜಿದಿಂಬು

ಗಾಳಿ ನಿಲ್ಲದ ಒಂದು ಊರಿತ್ತು. ಬಂಡೆಗುಡ್ಡದ ನೆತ್ತಿಯ ಮೇಲೆ ಒಂದೇ ಬೀದಿ, ಬೀದಿಯ ಎರಡೂ ಕಡೆ ಮನೆಗಳು, ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಸೂಜಿದಿಂಬು. ಮನೆಗೆ ಸೊಸೆಯಾಗಿ ಬಂದವಳು ತನ್ನ ಕೈಯಾರೆ ಒಂದು ದಿಂಬು ಹೊಲಿದು ಅಲ್ಲಿಯ ಗೂಟಕ್ಕೆ ನೇತುಹಾಕಬೇಕು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ದಿಂಬು. ಒಳಗೆ ತೌಡು ತುಂಬುವವರಿದ್ದರು, ಹತ್ತಿ ತುಂಬುವವರಿದ್ದರು, ಬಾಚಣಿಗೆಗೆ ಬಂದ ತಮ್ಮದೇ ಕೂದಲನ್ನು ಕೂಡಿಟ್ಟು ತುಂಬುವವರೂ ಇದ್ದರು.

ಆ ಊರಿನ ಕಟ್ಟಳೆ ಹೀಗಿತ್ತು. ಯಾರ ಮೇಲಾದರೂ ಹೊಟ್ಟೆಕಿಚ್ಚು ಹುಟ್ಟಿದರೆ ಅದನ್ನು ಒಳಗೆ ಇಟ್ಟುಕೊಳ್ಳಬಾರದು. ಹೊತ್ತು ಮುಳುಗುವ ಮೊದಲು ಒಂದು ಸೂಜಿ ಹಿಡಿದು ಅವರ ಬಾಗಿಲಿಗೆ ಹೋಗಬೇಕು. ಯಾತಕ್ಕೆ ಕಿಚ್ಚು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿ, ದಿಂಬಿಗೆ ಸೂಜಿ ಚುಚ್ಚಬೇಕು. ಮನೆಯವರು ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಟ್ಟು "ಇಳೀತಾ?" ಎಂದು ಕೇಳಬೇಕು. ಬಂದವರು "ಇಳೀತು" ಎನ್ನಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ.

ಸೂಜಿಯನ್ನು ಬಚ್ಚಿಟ್ಟುಕೊಂಡರೆ ಅದು ಮೈಯೊಳಗೆ ಹರಿದು ಹರಿದು ಎದೆಗೆ ಹೋಗುತ್ತದೆ ಎಂದು ಮುದುಕಿಯರು ಹೇಳುತ್ತಿದ್ದರು. ಹಾಗೆ ಆಗಿದ್ದನ್ನು ಕಂಡವರು ಯಾರೂ ಇರಲಿಲ್ಲ. ಬಚ್ಚಿಟ್ಟವರು ಇರಲಿಲ್ಲವೋ, ಬಚ್ಚಿಟ್ಟವರು ಹೇಳಲಿಲ್ಲವೋ, ಅದೂ ಯಾರಿಗೂ ಗೊತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಕಂಬಳಿ ನೇಯುವವರ ಮನೆ. ಆ ಮನೆಯ ದೊಡ್ಡ ಸೊಸೆಯ ಕೈಗೆ ಊರಲ್ಲೇ ಹೆಸರಿತ್ತು. ಮದುವೆಯಾಗಿ ಬಂದ ವಾರದಲ್ಲೇ ಅವಳು ತನ್ನ ದಿಂಬು ಹೊಲಿದಿದ್ದಳು. ಕೆಂಪು ಬಟ್ಟೆಯನ್ನು ಗುಂಡಗೆ ಕತ್ತರಿಸಿ, ಅಂಚಿನ ಸುತ್ತ ದಾರ ಓಡಿಸಿ, ಒಳಗೆ ಹಿಂಜಿದ ಉಣ್ಣೆ ತುಂಬಿ, ದಾರ ಎಳೆದು ಬಾಯಿ ಮುಚ್ಚಿದಳು. ಆಮೇಲೆ ನಡುವಿನಿಂದ ಸೂಜಿ ಮೇಲೆತ್ತಿ, ದಾರವನ್ನು ಅಂಚಿನ ಮೇಲಿಂದ ಸುತ್ತಿ ತಂದು, ಮತ್ತೆ ನಡುವಿಗೇ ಇಳಿಸಿ ಬಿಗಿದಳು. ಹಾಗೆ ಬಿಗಿದಂತೆಲ್ಲ ಒಂದೊಂದು ಎಸಳು ಎದ್ದು ನಿಂತಿತು. ನಡುವೆ ಹಳದಿ ಮಣಿ ಕೂರಿಸಿದಾಗ ದಾಳಿಂಬೆ ಹೂವೇ ಗೋಡೆಯಲ್ಲಿ ಬಿರಿದ ಹಾಗಿತ್ತು.

ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಎಷ್ಟು ಲಕ್ಷಣವಾಗಿದೆ!" ಎನ್ನುತ್ತಿದ್ದರು. ನೋಡಿ, ಹೊಗಳಿ, ಹೋಗುತ್ತಿದ್ದರು. ಆ ಹೂವಿಗೆ ಒಬ್ಬರೂ ಸೂಜಿ ಚುಚ್ಚಲಿಲ್ಲ.

"ನಿನ್ನ ಮೇಲೆ ಯಾರಿಗೆ ಕಿಚ್ಚು ಬರುತ್ತವ್ವಾ? ನೀನು ಬಂಗಾರದಂಥವಳು" ಎನ್ನುತ್ತಿದ್ದಳು ಬಳೆಗಾರನ ಹೆಂಡತಿ. ದೊಡ್ಡ ಸೊಸೆ ಅದನ್ನು ಒಳ್ಳೆಯ ಮಾತೆಂದೇ ಸೆರಗಿನಲ್ಲಿ ಕಟ್ಟಿಕೊಂಡಳು. ಮಾತು ಕಡಿಮೆಯ ಗಂಡ, ಅವನ ಹಾಗೇ ಮಾತು ಕಡಿಮೆಯ ಇಬ್ಬರು ಗಂಡುಮಕ್ಕಳು, ಉಪ್ಪು ಖಾರ ಸರಿಯಾಗಿರುವ ಅಡಿಗೆ, ಒಪ್ಪವಾದ ಮನೆ. ಅವಳೂ ಯಾರ ಬಾಗಿಲಿಗೂ ಸೂಜಿ ಹಿಡಿದು ಹೋದವಳಲ್ಲ. ಊರಿನವರು ಅವಳನ್ನು 'ಸೂಜಿ ಹೊರದವಳು' ಎಂದು ಕರೆದರು. ಹೊಸ ಮದುಮಗಳು ದಿಂಬು ಹೊಲಿಯಲು ಕೂತರೆ ಮೊದಲ ದಾರ ಪೋಣಿಸಿಕೊಡಲು ಅವಳನ್ನೇ ಕರೆಯುತ್ತಿದ್ದರು.

ವರ್ಷಗಳು ಹಾಗೇ ಹೋದವು. ಆಮೇಲೆ ಅವಳ ಮೈದುನನಿಗೆ, ಆ ಮನೆಯ ಚಿಕ್ಕ ಮಗನಿಗೆ, ಮದುವೆಯಾಯಿತು.

ಚಿಕ್ಕ ಸೊಸೆ ಗುಡ್ಡದ ಕೆಳಗಿನ ಊರಿನವಳು. ಗಾಳಿಗೆ ಸೆರಗು ನಿಲ್ಲಿಸಿಕೊಳ್ಳಲು ಬಾರದೆ ಬೀದಿಯುದ್ದ ನಗುತ್ತಾ ಬಂದಳು. ಹೊಲಿಗೆಯಂತೂ ಅವಳಿಗೆ ಬರುತ್ತಲೇ ಇರಲಿಲ್ಲ. ಗಂಡನ ಹಳೆಯ ಅಂಗಿಯ ತೋಳನ್ನೇ ಕತ್ತರಿಸಿ, ತೌಡು ತುರುಕಿ, ಎರಡು ಕಡೆಯೂ ಹೇಗೋ ಬಾಯಿ ಕಟ್ಟಿದಳು. ಒಂದು ಕಡೆ ಉಬ್ಬಿ, ಒಂದು ಕಡೆ ಜಗ್ಗಿ, ದಿಂಬು ಹುಳುಕು ಬದನೆಕಾಯಿಯ ಹಾಗಿತ್ತು.

"ಬಿಚ್ಚಿ ಇನ್ನೊಂದು ಸಲ ಹೊಲಿ. ನಾನು ಹೇಳಿಕೊಡ್ತೀನಿ" ಎಂದಳು ದೊಡ್ಡ ಸೊಸೆ.

"ಇರಲಿ ಬಿಡಕ್ಕಾ. ಇದಕ್ಕೆ ಕಣ್ಣು ಮೂಗು ಬರೆದರೆ ನಮ್ಮ ಸೋದರಮಾವನೇ" ಎಂದು ಚಿಕ್ಕ ಸೊಸೆ ಅದನ್ನು ಹಾಗೇ ಗೂಟಕ್ಕೆ ಹಾಕಿದಳು. ಬಾಗಿಲ ಈ ಕಡೆ ದಾಳಿಂಬೆ ಹೂ, ಆ ಕಡೆ ಬದನೆಕಾಯಿ. ದೊಡ್ಡ ಸೊಸೆಗೆ ನಗು ಬಂತು. ಪಾಪ ಅನ್ನಿಸಿತು.

ಸೂಜಿಗಳು ಬರಲು ಶುರುವಾದವು.

ಮೊದಲು ಗಾಣದವಳು ಬಂದಳು. ಚಿಕ್ಕ ಸೊಸೆ ಮನೆಯಲ್ಲಿರಲಿಲ್ಲ, ಅವಳ ದಿಂಬಿಗೇ ಹೇಳಿದಳು. "ನೀನು ನೀರು ಸೇದುವಾಗ ನಿನ್ನ ಗಂಡ ನಿನ್ನ ಜೊತೆ ಮಾತಾಡ್ತಾ ನಿಂತಿರ್ತಾನೆ. ನನ್ನವನು ಮಾತಾಡೋದು ಎತ್ತಿನ ಜೊತೆ ಮಾತ್ರ. ಅದಕ್ಕೆ" ಎಂದಳು, ಬದನೆಕಾಯಿಗೆ ಸೂಜಿ ಚುಚ್ಚಿದಳು. ದೊಡ್ಡ ಸೊಸೆ ಒಳಗಿನಿಂದ ಬೆಲ್ಲ ನೀರು ತಂದುಕೊಟ್ಟಳು.

"ಇಳೀತಾ?"

"ಇಳೀತು."

ಆಮೇಲೆ ಅಗಸರ ಅಜ್ಜಿ ಬಂದಳು. "ನೀನು ತಲೆ ಇಟ್ಟ ಕೂಡಲೇ ನಿದ್ದೆ ಹೋಗ್ತೀಯಂತೆ. ಅದಕ್ಕೆ." ಬಳೆಗಾರನ ಹೆಂಡತಿ ಬಂದಳು. "ನೀನು ನಕ್ಕರೆ ಪಕ್ಕದಲ್ಲಿರೋರೂ ನಗ್ತಾರೆ. ನಾನು ನಕ್ಕರೆ ಏನಾಯ್ತು ಅಂತ ಕೇಳ್ತಾರೆ. ಅದಕ್ಕೆ." ಒಬ್ಬಳು ಅವಳ ಹಲ್ಲಿಗೆ ಕಿಚ್ಚುಪಟ್ಟಳು. ಒಬ್ಬಳು ಅವಳ ತವರಿನಿಂದ ಬರುವ ಹುಣಿಸೆಹಣ್ಣಿಗೆ ಕಿಚ್ಚುಪಟ್ಟಳು. ಬಂದವರಿಗೆಲ್ಲ ಬೆಲ್ಲ ತಂದವಳು ದೊಡ್ಡ ಸೊಸೆ, ನೀರು ತಂದವಳು ದೊಡ್ಡ ಸೊಸೆ, "ಇಳೀತಾ?" ಎಂದು ಕೇಳಿದವಳೂ ದೊಡ್ಡ ಸೊಸೆ. ಚಿಕ್ಕವಳು ಮಗ್ಗದ ಹತ್ತಿರವೋ ಬಾವಿಯ ಹತ್ತಿರವೋ ಇರುತ್ತಿದ್ದಳು. ಸುದ್ದಿ ತಿಳಿದಾಗ "ಹೌದಾ? ಅದಕ್ಕೂ ಕಿಚ್ಚುಪಡ್ತಾರಾ?" ಎಂದು ಕಣ್ಣರಳಿಸಿ, ಮರುಗಳಿಗೆಯಲ್ಲಿ ಮರೆತುಬಿಡುತ್ತಿದ್ದಳು.

ಆ ಮರೆವೇ ದೊಡ್ಡ ಸೊಸೆಯ ಹೊಟ್ಟೆಯೊಳಗೆ ಮೊದಲು ಹೊಗೆಯಾಡಿತು.

ಬೆಳಗಿನ ಬಿಸಿಲು ಬೀದಿಯನ್ನು ಹಾಯ್ದು ಬಾಗಿಲಿಗೆ ಬೀಳುತ್ತಿತ್ತು. ಬದನೆಕಾಯಿಯ ಮೈತುಂಬ ಸೂಜಿಗಳು ಮಿನುಗುತ್ತಿದ್ದವು. ಅವುಗಳ ಬೆಳಕು ಎದುರು ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಣಿಯುತ್ತಿತ್ತು. ರಂಗೋಲಿ ಹಾಕುತ್ತಾ ಬಗ್ಗಿದ ದೊಡ್ಡ ಸೊಸೆಯ ಬೆನ್ನ ಮೇಲೂ ಕುಣಿಯುತ್ತಿತ್ತು. ಅವಳು ತಲೆಯೆತ್ತಿ ತನ್ನ ಹೂವನ್ನು ನೋಡಿದಳು. ಒಂದು ಎಸಳೂ ಕೆಡದೆ, ಒಂದು ತೂತೂ ಬೀಳದೆ, ಹೊಲಿದ ದಿನ ಹೇಗಿತ್ತೋ ಹಾಗೇ ಇತ್ತು. ಇಷ್ಟು ವರ್ಷಗಳಲ್ಲಿ ಈ ಊರಿನ ಒಂದೇ ಒಂದು ಜೀವಕ್ಕೆ, ಒಂದೇ ಒಂದು ಗಳಿಗೆ, ನಾನು ಇವಳಾಗಿದ್ದರೆ ಚೆನ್ನಾಗಿತ್ತು ಅನ್ನಿಸಲಿಲ್ಲವೇ ಎಂದುಕೊಂಡಳು. ರಂಗೋಲಿಯ ಎಳೆ ಕೈಯಲ್ಲೇ ನಿಂತುಹೋಯಿತು.

ಅವಳು ಕಟ್ಟಳೆ ಬಲ್ಲವಳು. ಒಳಗೆ ಹೋಗಿ ಒಂದು ಸೂಜಿ ತಂದಳು. ಬದನೆಕಾಯಿಯ ಮುಂದೆ ನಿಂತಳು. ಏನು ಹೇಳಬೇಕು ಎಂಬುದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಕೈ ಎತ್ತಿದಳು.

"ಅಯ್ಯೋ, ನೀನೂನಾ?" ಬೀದಿಯಲ್ಲಿ ಹೋಗುತ್ತಿದ್ದ ಗಾಣದವಳು ಹಾಗೇ ನಿಂತುಬಿಟ್ಟಳು. "ಸೂಜಿ ಹೊರದವಳ ಕೈಯಲ್ಲೂ ಸೂಜಿಯಾ?"

ದೊಡ್ಡ ಸೊಸೆಯ ಕೈ ಇಳಿಯಿತು. "ಇಲ್ಲಪ್ಪ. ತುಕ್ಕು ಹಿಡಿದಿರೋವು ಯಾವುವು ಅಂತ ನೋಡ್ತಿದ್ದೆ" ಎಂದಳು.

"ಅದೇ ಅಂದ್ಕೊಂಡೆ. ನಿನಗೆಲ್ಲಿಯ ಕಿಚ್ಚು" ಎಂದು ಗಾಣದವಳು ಹೋದಳು.

ದೊಡ್ಡ ಸೊಸೆ ಸೂಜಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉಣ್ಣೆಯ ಕೋಣೆಗೆ ಹೋದಳು. ಕತ್ತರಿಸಿ ತಂದ ಉಣ್ಣೆಯನ್ನು ರಾಶಿ ಹಾಕುವ ಕೋಣೆ ಅದು. ಮೂಲೆಯಲ್ಲಿ ಕೂತು, ಒಂದು ಮುಷ್ಟಿ ಉಣ್ಣೆಯನ್ನು ಉಂಡೆ ಮಾಡಿ ಸೂಜಿಯನ್ನು ಅದರೊಳಗೆ ಅಡಗಿಸಿದಳು. ಹೊತ್ತು ಮುಳುಗಿತು. ಏನೂ ಆಗಲಿಲ್ಲ. ಎದೆ ಮುಟ್ಟಿ ನೋಡಿಕೊಂಡಳು, ನೋವಿರಲಿಲ್ಲ. ಹಿತವಾಗಿಯೇ ಇತ್ತು.

ಮರುದಿನ ಊಟದ ಹೊತ್ತಿನಲ್ಲಿ ಅತ್ತೆ ಚಿಕ್ಕವಳಿಗೆ ಬೈದಳು. "ಮಜ್ಜಿಗೆಗೆ ಇಷ್ಟು ನೀರು ಸುರಿದರೆ ಅದು ಮಜ್ಜಿಗೆಯೇನೇ? ದನಕ್ಕೆ ಇಟ್ಟ ಕಲಗಚ್ಚು." ಚಿಕ್ಕವಳು ನಕ್ಕಳು. ಬೈಯುತ್ತಿದ್ದ ಅತ್ತೆಗೂ ನಗು ಬಂತು. ದೊಡ್ಡ ಸೊಸೆಯ ಮಜ್ಜಿಗೆ ಸರಿಯಾಗಿರುತ್ತಿತ್ತು. ಅವಳನ್ನು ಬೈಯಲು ಅತ್ತೆಗೆ ಏನೂ ಸಿಗುತ್ತಿರಲಿಲ್ಲ. ಅವಳು ಕೈ ತೊಳೆದು ಉಣ್ಣೆಯ ಕೋಣೆಗೆ ಹೋದಳು. ಇನ್ನೊಂದು ಸೂಜಿ.

ಬರಿಯ ಉಣ್ಣೆಯ ಉಂಡೆಯಲ್ಲಿ ಸೂಜಿಗಳು ನಿಲ್ಲಲಿಲ್ಲ. ಅದಕ್ಕೊಂದು ಬಟ್ಟೆ ಬೇಕಾಯಿತು. ಪೆಟ್ಟಿಗೆಯ ತಳದಿಂದ ಮದುವೆಯ ಸೀರೆ ತೆಗೆದು, ನೇರಳೆ ಬಣ್ಣದ ಸೆರಗನ್ನು ಕತ್ತರಿಸಿದಳು. ಕತ್ತರಿಸುವಾಗ ಕೈ ಅಳುಕಲಿಲ್ಲ. ಮನೆಯವರು ಮಗ್ಗದಲ್ಲಿರುವಾಗ, ಅತ್ತೆ ಬಿಸಿಲು ಕಾಯಿಸುತ್ತಾ ಕೂತಿರುವಾಗ, ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊಲಿದಳು. ಬೆರಳಿಗೆ ಹಿತ್ತಾಳೆಯ ಟೊಪ್ಪಿಗೆ ಹಾಕಿ, ಸೂಜಿಯನ್ನು ಅದರ ಕಣ್ಣೂ ಕಾಣದ ಹಾಗೆ ಒಳಕ್ಕೆ ಒತ್ತಿಬಿಡುವಳು. ಒತ್ತಿದ ಜಾಗದಲ್ಲಿ ಬಟ್ಟೆಗೆ ಬಿದ್ದ ಸಣ್ಣ ತೂತನ್ನು ಬಣ್ಣದ ದಾರದಿಂದ ಮುಚ್ಚುವಳು. ದಾರ ತಾನಾಗಿಯೇ ಒಂದು ಹಕ್ಕಿಯಾಗುತ್ತಿತ್ತು. ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ಪುಟ್ಟ ಹಕ್ಕಿ.

ಚಿಕ್ಕವಳಿಗೆ ಗಂಡ ಸಂತೆಯಿಂದ ಕಬ್ಬಿನ ಜಲ್ಲೆ ತಂದ. ಒಂದು ಹಕ್ಕಿ. ಮಾತೇ ಆಡದ ದೊಡ್ಡ ಸೊಸೆಯ ಮಕ್ಕಳು ಚಿಕ್ಕಮ್ಮನ ಹತ್ತಿರ ಕೂತು ಗಲಗಲ ಮಾತಾಡಿದರು. ಎರಡು ಹಕ್ಕಿ. ಚಿಕ್ಕವಳಿಗೆ ಜ್ವರ ಬಂದಾಗ ಬೀದಿಗೆ ಬೀದಿಯೇ ಬಂದು ವಿಚಾರಿಸಿತು. ಆ ಸಂಜೆ ಎಷ್ಟು ಹಕ್ಕಿಗಳಾದವೋ. ಸೂಜಿಗೆ ಸೂಜಿ ತಾಗತೊಡಗಿದಾಗ ಅವಳು ಹೊಲಿಗೆ ಬಿಚ್ಚಿ, ಮೊನೆ ಅತ್ತಿತ್ತ ತಿರುಗಿದ್ದ ಸೂಜಿಗಳ ನಡುವೆ ಇನ್ನಷ್ಟು ಉಣ್ಣೆ ತುಂಬಿ, ಇನ್ನಷ್ಟು ಸೆರಗು ಕೂಡಿಸಿದಳು. ಅಂಗೈಯಗಲದ ದಿಂಬು ಎರಡು ಅಂಗೈಯಗಲವಾಯಿತು. ಅಂಚಿಗೆ ಗೆಜ್ಜೆಯಂಥ ಮಣಿಸಾಲು ಬಂತು. ಮೂಲೆಗಳಿಗೆ ಕುಚ್ಚು ಬಂತು. ಅಂಥ ದಿಂಬನ್ನು ಅವಳು ಹಿಂದೆ ಹೊಲಿದಿರಲಿಲ್ಲ, ಆ ಊರಿನಲ್ಲಿ ಯಾರೂ ಹೊಲಿದಿರಲಿಲ್ಲ. ಮೇಲಿನಿಂದ ಕೈಯಾಡಿಸಿದರೆ ಬೆಣ್ಣೆಯ ಹಾಗೆ ನುಣುಪು. ಒತ್ತಿದವರಿಗೆ ಮಾತ್ರ ಗೊತ್ತಾಗಬೇಕು. ಒತ್ತುವವರು ಯಾರೂ ಇರಲಿಲ್ಲ.

ಹೊರಗೆ ಅವಳು ಮೊದಲಿಗಿಂತ ಹೆಚ್ಚು ಮೆತ್ತಗಾದಳು. ಚಿಕ್ಕವಳ ತಲೆ ಬಾಚಿದಳು, ಚಿಕ್ಕವಳ ಪಾಲಿನ ಪಾತ್ರೆಯನ್ನೂ ಬೆಳಗಿದಳು. "ಅಕ್ಕ ಸಿಕ್ಕಿದ್ದು ನನ್ನ ಪುಣ್ಯ" ಎಂದು ಚಿಕ್ಕವಳು ಎಲ್ಲರೆದುರು ಹೇಳಿದಳು. ಅದಕ್ಕೂ ಒಂದು ಹಕ್ಕಿಯಾಯಿತು.

ಚಿಕ್ಕ ಸೊಸೆ ಹೆಣ್ಣುಕೂಸನ್ನು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಊರಿನ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದರು. ದೊಡ್ಡ ಸೊಸೆ ಹಿತ್ತಲ ಕಡೆಯ ಅಡಿಗೆಮನೆಯಲ್ಲಿ ಕಡುಬು ಮಾಡುತ್ತಿದ್ದಳು. ಒಲೆಯ ಉರಿಗೆ ಮುಖ ಕೆಂಪಾಗಿತ್ತು, ಕೈಗೆಲ್ಲ ಹಿಟ್ಟು ಮೆತ್ತಿತ್ತು.

ನಡುಮನೆಯಿಂದ ಒಮ್ಮೆಲೇ ದೊಡ್ಡ ಉದ್ಗಾರ ಕೇಳಿಸಿತು. ಆಮೇಲೆ ಗುಜುಗುಜು. ಆಮೇಲೆ ಬಳೆಗಾರನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಓಡಿಬಂದಳು.

"ಕಳ್ಳಿ ಕಣೆ ನೀನು! ಎಷ್ಟು ದಿನದಿಂದ ಹೊಲೀತಿದ್ದೆ? ಒಂದು ಸುಳಿವೂ ಕೊಡಲಿಲ್ಲವಲ್ಲ!"

"ಏನನ್ನ?"

"ಹಕ್ಕಿದಿಂಬು! ತೊಟ್ಟಿಲಿಗೆ ಹಾಸೋಕೆ ಉಣ್ಣೆ ಬೇಕು ಅಂತ ನಿನ್ನ ತಂಗಿ ಕೋಣೆಗೆ ಹೋಗಿದ್ದಳು. ರಾಶಿಯ ಕೆಳಗೆ ಸಿಕ್ಕಿತಂತೆ. ಕೂಸಿನ ತಲೆಗೆ ಅಂತ ಅಕ್ಕ ಗುಟ್ಟಾಗಿ ಹೊಲಿದಿಟ್ಟಿದ್ದಾಳೆ ಅಂತ ಅಳ್ತಾ ನಿಂತಿದ್ದಾಳೆ."

ದೊಡ್ಡ ಸೊಸೆಯ ಕೈಯಿಂದ ಹಿಟ್ಟಿನ ಉಂಡೆ ಜಾರಿತು. "ಕೂಸೆಲ್ಲಿ?"

"ನಿಮ್ಮತ್ತೆ ತೊಡೆಮೇಲಿದೆ. ಅಂಗಿ ತೊಡಿಸ್ತಿದ್ದಾರೆ. ದಿಂಬು ಕೈಯಿಂದ ಕೈಗೆ ಹೋಗ್ತಿದೆ, ಎಲ್ಲರಿಗೂ ನೋಡೋಕೆ ಬೇಕು." ಬಳೆಗಾರನ ಹೆಂಡತಿ ಅವಳ ರಟ್ಟೆ ಹಿಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ನನಗೆ ತಡೆಯೋಕಾಗ್ತಿಲ್ಲ ಕಣವ್ವ. ಇಂಥ ಕೈ ನನಗಿಲ್ಲವಲ್ಲ ಅಂತ ಹೊಟ್ಟೆ ಉರೀತಿದೆ. ಬಾ, ನಿನಗೆ ಸೂಜಿ ಚುಚ್ಚಬೇಕು."

ದೊಡ್ಡ ಸೊಸೆ ಬಾಗಿಲಿಗೆ ಹೋದಳು. ನಡುಮನೆಯನ್ನು ಹಾಯ್ದೇ ಹೋಗಬೇಕಿತ್ತು. ಹಾಯುವಾಗ ಹೆಂಗಸರ ತಲೆಗಳ ನಡುವೆ ನೇರಳೆ ಬಣ್ಣ ಕಂಡಿತು. ನಿಲ್ಲಬೇಕಿತ್ತು. ಕೈ ಚಾಚಿ ಕಿತ್ತುಕೊಳ್ಳಬೇಕಿತ್ತು. ಆದರೆ ಎಲ್ಲರೂ ಅವಳ ಕಡೆ ತಿರುಗಿದರು. ಆ ಕಣ್ಣುಗಳು ಎಂದಿನ ಕಣ್ಣುಗಳಾಗಿರಲಿಲ್ಲ. ಅವುಗಳಲ್ಲಿ ಒಂದು ಹರಿತವಿತ್ತು. ಅವಳು ಆ ಹರಿತದ ನಡುವೆ, ತಲೆಯೆತ್ತಿ, ನಡೆದುಹೋದಳು.

ಬಳೆಗಾರನ ಹೆಂಡತಿ ದಾಳಿಂಬೆ ಹೂವಿನ ಮುಂದೆ ನಿಂತು ಸೂಜಿ ಚುಚ್ಚಿದಳು. ಇಷ್ಟು ವರ್ಷ ಒಣಗಿದ್ದ ಬಟ್ಟೆ ಚಿರ್ ಎಂದಿತು. ಆ ಸದ್ದು ದೊಡ್ಡ ಸೊಸೆಯ ಅಂಗಾಲಿನವರೆಗೂ ಇಳಿಯಿತು.

"ಇಳೀತಾ?" ಎಂದಳು. ಜಗಲಿಯ ಮೇಲಿದ್ದ ಬೆಲ್ಲದ ತಟ್ಟೆಯನ್ನು ಮುಂದೆ ಹಿಡಿದಳು.

"ಇಳೀತು."

ಹಿಂದೆಯೇ ಗಾಣದವಳು ಬಂದಳು. "ನಿನ್ನ ಬೆರಳಿಗೆ" ಎಂದು ಚುಚ್ಚಿದಳು. ಅಗಸರ ಅಜ್ಜಿ ಬಂದಳು. "ನಿನ್ನ ಕಣ್ಣಿಗೆ. ನನಗೆ ದಾರ ಕಾಣದೆ ಎಷ್ಟು ಕಾಲವಾಯ್ತು" ಎಂದು ಚುಚ್ಚಿದಳು. ದೊಡ್ಡ ಸೊಸೆ ಬೆಲ್ಲ ಕೊಟ್ಟಳು, ನೀರು ಕೊಟ್ಟಳು. ಒಳಗೆ ಆ ದಿಂಬಿದೆ, ಒಳಗೆ ಕೂಸಿದೆ. ಗೊತ್ತಿತ್ತು. ಈ ಒಬ್ಬಳು ಚುಚ್ಚಿ ಹೋಗಲಿ, ಹೋಗಿ ತೆಗೀತೀನಿ ಎಂದುಕೊಂಡಳು. ಇನ್ನೊಬ್ಬಳು ಬಂದಳು. ಇವಳೊಬ್ಬಳು ಎಂದುಕೊಂಡಳು. ಬಿಸಿಲು ಹೊಸ ಸೂಜಿಗಳ ಮೇಲೆ ಬಿದ್ದಿತ್ತು. ಅವಳ ಸೆರಗಿನ ಮೇಲೆ ಬೆಳಕಿನ ಚುಕ್ಕೆಗಳು ಕುಣಿಯುತ್ತಿದ್ದವು, ಈ ಸಲ ಅವು ಅವಳವೇ ಆಗಿದ್ದವು.

ಒಳಗಿನಿಂದ ಜೋಗುಳ ಕೇಳಿಸಿತು. ಕೂಸನ್ನು ತೊಟ್ಟಿಲಿಗೆ ಇಳಿಸುವಾಗ ಮಾತ್ರ ಹಾಡುವ ಜೋಗುಳ.

ಬೆಲ್ಲದ ತಟ್ಟೆ ನೆಲಕ್ಕೆ ಬಿತ್ತು. ಅವಳು ಹೆಂಗಸರನ್ನು ತಳ್ಳಿಕೊಂಡು, ಎಡವಿಕೊಂಡು ಒಳಗೆ ನುಗ್ಗಿದಳು. ತೊಟ್ಟಿಲಲ್ಲಿ ಹಕ್ಕಿದಿಂಬು ಇತ್ತು. ಚಿಕ್ಕ ಸೊಸೆ ಬಗ್ಗಿ, ಎರಡೂ ಕೈಯಲ್ಲಿ ಕೂಸನ್ನು ಇಳಿಸುತ್ತಿದ್ದಳು. ತಲೆ ಇನ್ನೇನು ದಿಂಬಿಗೆ ತಾಗಬೇಕು. ದೊಡ್ಡ ಸೊಸೆ ತನ್ನ ಬಲಗೈಯನ್ನು ನಡುವೆ ತೂರಿಸಿದಳು. ಕೂಸಿನ ತಲೆಯ ಭಾರ ಅವಳ ಅಂಗೈ ಮೇಲೆ ಬಿತ್ತು. ಕೈ ದಿಂಬನ್ನು ಒತ್ತಿತು. ದಿಂಬಿನೊಳಗಿನವೆಲ್ಲ ಒಟ್ಟಿಗೇ ಮೇಲೆದ್ದು ಅವಳ ಕೈಹಿಂಬದಿಗೆ ನಾಟಿಕೊಂಡವು.

ಅವಳು ಕಿರುಚಲಿಲ್ಲ. "ಕೂಸನ್ನ ಎತ್ತು" ಎಂದಳು.

"ಏನಾಯ್ತಕ್ಕಾ?"

"ಎತ್ತು ಅಂದೆ! ಅದರೊಳಗೆ ಸೂಜಿ ಇದೆ."

ಚಿಕ್ಕವಳು ಕೂಸನ್ನು ಎದೆಗೆ ಅವಚಿಕೊಂಡಳು. ಜೋಗುಳ ನಿಂತಿತು. ದೊಡ್ಡ ಸೊಸೆ ಕೈ ಎತ್ತಿದಾಗ ದಿಂಬೂ ಅದರ ಜೊತೆಗೇ ಎದ್ದುಬಂತು. ಬಿಡಿಸಿಕೊಂಡಾಗ ಹಕ್ಕಿಗಳ ಮೇಲೆಲ್ಲ ಕೆಂಪಾಯಿತು.

"ಯಾರ ಸೂಜಿ?" ಎಂದಳು ಅತ್ತೆ.

"ನಂದು."

"ಯಾರ ಮೇಲೆ?"

ದೊಡ್ಡ ಸೊಸೆ ಚಿಕ್ಕವಳ ಕಡೆ ನೋಡಿದಳು. ಚಿಕ್ಕವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಅತ್ತೆ ಸೊಸೆಯ ಕೈಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಕಟ್ಟಿ, ಅವಳನ್ನು ಜಗಲಿಗೆ ಕರೆತಂದು ಕೂರಿಸಿದಳು. "ಬಚ್ಚಿಟ್ಟವಳೇ ತೆಗೀಬೇಕು. ಒಂದೊಂದಕ್ಕೂ ಬಾಯಿಬಿಟ್ಟು ಹೇಳಬೇಕು. ಅವಳ ಎದುರಿಗೇ ಹೇಳಬೇಕು" ಎಂದಳು.

ದೊಡ್ಡ ಸೊಸೆ ಎಡಗೈಯಲ್ಲಿ ಹೊಲಿಗೆ ಬಿಚ್ಚಿದಳು. ಉಣ್ಣೆಯೊಳಗೆ ಬೆರಳು ಹಾಕಿ ಒಂದೊಂದನ್ನೇ ಹೊರತೆಗೆದಳು.

"ಮಜ್ಜಿಗೆ ಕೆಡಿಸಿ ಬೈಸಿಕೊಂಡೆಯಲ್ಲ, ಅದಕ್ಕೆ."

ಯಾರೋ ಕಿಸಕ್ಕನೆ ನಕ್ಕರು.

"ಕಬ್ಬಿನ ಜಲ್ಲೆಗೆ. ನನ್ನ ಮಕ್ಕಳು ನಿನ್ನ ಹತ್ತಿರ ನಕ್ಕಿದ್ದಕ್ಕೆ. ಜ್ವರ ಬಂದಾಗ ಊರೇ ಬಂದಿದ್ದಕ್ಕೆ."

ಈಗ ಯಾರೂ ನಗಲಿಲ್ಲ.

"ನನ್ನನ್ನು ಪುಣ್ಯ ಅಂದೆಯಲ್ಲ, ಅಷ್ಟು ಸಲೀಸಾಗಿ ಅಂದೆಯಲ್ಲ, ಅದಕ್ಕೆ. ನಿನಗೆ ಬಂದ ಸೂಜಿಗಳನ್ನ ನೀನು ಮರೆತುಬಿಡ್ತಿದ್ದೆಯಲ್ಲ, ಅದಕ್ಕೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು."

ಜಗಲಿಯ ಮೇಲೆ ಸೂಜಿಗಳ ಗುಡ್ಡೆಯಾಯಿತು. ಉಣ್ಣೆ ಖಾಲಿಯಾಯಿತು. ಹಕ್ಕಿಗಳಿದ್ದ ಬಟ್ಟೆ ಸುಕ್ಕಾಗಿ ಬಿತ್ತು. ಹೆಂಗಸರು ಏಳಲು ಹೊರಟಾಗ ದೊಡ್ಡ ಸೊಸೆ, "ಇನ್ನೊಂದಿದೆ. ಅದು ದಿಂಬಿನಲ್ಲಿ ಇರಲಿಲ್ಲ" ಎಂದಳು.

ಎಲ್ಲರೂ ಕೂತರು.

"ದಿಂಬು ಹೊರಗೆ ಬಂದಿದೆ ಅಂತ ನನಗೆ ಮೊದಲೇ ಗೊತ್ತಾಗಿತ್ತು. ಗೊತ್ತಾದ ಮೇಲೂ ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ನನಗೆ ಸೂಜಿ ಚುಚ್ತಿದ್ರು. ನನಗೆ ಅದು ಬೇಕಾಗಿತ್ತು. ನಿನ್ನ ಕೂಸು ಒಳಗಿತ್ತು, ನಾನು ನಿಂತಿದ್ದೆ."

ಚಿಕ್ಕವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಹೆಂಗಸರು ಎದ್ದರು. ಬಳೆಗಾರನ ಹೆಂಡತಿ ದಾಳಿಂಬೆ ಹೂವಿನ ಹತ್ತಿರ ನಿಂತು, ಅತ್ತ ಇತ್ತ ನೋಡಿ, ತಾನು ಚುಚ್ಚಿದ ಸೂಜಿಯನ್ನು ಕಿತ್ತುಕೊಂಡಳು. "ಇದು ಇಲ್ಲಿ ಬೇಡ ಕಣವ್ವ" ಎಂದಳು ಮೆಲ್ಲಗೆ. ಗಾಣದವಳೂ ಕಿತ್ತುಕೊಂಡಳು. ಅಗಸರ ಅಜ್ಜಿ ತಡಕಾಡಿ, ತನ್ನದು ಯಾವುದೆಂದು ತಿಳಿಯದೆ, ಸಿಕ್ಕಿದ್ದನ್ನು ಎಳೆದುಕೊಂಡಳು. ಒಂದೂ ಉಳಿಯಲಿಲ್ಲ. ಹೂವಿನ ಎಸಳುಗಳಲ್ಲಿ ಸಣ್ಣ ಸಣ್ಣ ತೂತುಗಳು ಮಾತ್ರ ಉಳಿದವು.

ಬೀದಿ ಖಾಲಿಯಾದ ಮೇಲೆ ಅತ್ತೆ ಬೆಲ್ಲದ ಚೂರು ಹಿಡಿದು ಬಂದಳು. "ಇಳೀತಾ?" ಎಂದಳು.

ದೊಡ್ಡ ಸೊಸೆ ಬೆಲ್ಲ ತೆಗೆದುಕೊಳ್ಳಲಿಲ್ಲ. "ಇಲ್ಲ ಅತ್ತೆ" ಎಂದಳು.

ಆ ಊರಿನಲ್ಲಿ ಹಾಗೆ ಯಾರೂ ಹೇಳಿರಲಿಲ್ಲ. ಅತ್ತೆ ಬೆಲ್ಲವನ್ನು ಕೈಯಲ್ಲಿ ಹಿಡಿದೇ ಅವಳ ಪಕ್ಕ ಕೂತಳು. ಗಾಳಿ ಬೀಸುತ್ತಿತ್ತು. ಬಿಡಿಸಿದ ಉಣ್ಣೆಯನ್ನು ಎತ್ತಿಕೊಂಡು ಹೋಗಿ ಬೀದಿಯ ತುಂಬ ಹರಡುತ್ತಿತ್ತು.

"ನನಗೂ ಯಾವತ್ತೂ ಇಳಿದಿರಲಿಲ್ಲ" ಎಂದಳು ಅತ್ತೆ. "ಬೆಲ್ಲ ತಿಂದು ಮನೆಗೆ ಹೋಗ್ತಿದ್ವಿ ಅಷ್ಟೆ."

ದೊಡ್ಡ ಸೊಸೆಯ ಕೈ ಊದಿಕೊಂಡಿತು. ಬೆರಳು ಮಡಿಸಲು ಬಾರದಾಯಿತು. ಜ್ವರ ಏರಿ ಇಳಿಯಿತು. ಒಲೆ ಚಿಕ್ಕವಳ ಪಾಲಿಗೆ ಬಂತು. ಚಿಕ್ಕವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅಡಿಗೆ ಮಾಡುತ್ತಿದ್ದಳು, ಕಟ್ಟಿಕೊಂಡೇ ಗುಡಿಸುತ್ತಿದ್ದಳು. ಒಂದು ಗಳಿಗೆಯೂ ಕೆಳಗಿಳಿಸುತ್ತಿರಲಿಲ್ಲ. ದೊಡ್ಡವಳಿದ್ದ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಳ ನಗು ಕೇಳಿ ಎಷ್ಟೋ ದಿನವಾಗಿತ್ತು. ಅದು ನಿಂತದ್ದರಿಂದ ತನಗೆ ಸಮಾಧಾನವಾಗಬಹುದು ಎಂದು ದೊಡ್ಡವಳು ಒಮ್ಮೆ ಕಾದು ನೋಡಿದಳು. ಆಗಲಿಲ್ಲ. ಮನೆ ಬಾವಿಯ ಹಾಗೆ ತಣ್ಣಗಾಗಿತ್ತು, ಅಷ್ಟೆ.

ಊಟದ್ದೇ ಕಷ್ಟವಾಯಿತು. ಎಡಗೈಯಲ್ಲಿ ಉಣ್ಣಲು ದೊಡ್ಡವಳಿಗೆ ಮನಸ್ಸು ಬರಲಿಲ್ಲ. ಗಂಡ ಒಂದು ದಿನ ತಟ್ಟೆ ಹಿಡಿದು ಬಂದ, ನಾಚಿಕೊಂಡು ಅಲ್ಲೇ ಇಟ್ಟು ಮಗ್ಗಕ್ಕೆ ಹೋದ. ಅತ್ತೆ ಬಾಯಿಗಿಟ್ಟರೆ ಕೈ ನಡುಗಿ ಅರ್ಧ ಮಡಿಲಿಗೆ ಬೀಳುತ್ತಿತ್ತು. ತಟ್ಟೆ ತುಂಬಿಯೇ ಒಳಗೆ ಹೋಗತೊಡಗಿತು.

ಒಂದು ಮಧ್ಯಾಹ್ನ ಚಿಕ್ಕವಳು ತಟ್ಟೆ ತಂದು, ದೊಡ್ಡವಳ ಎದುರು ದಪ್ಪನೆ ಕೂತಳು. ಬೆನ್ನ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು. ರಾಗಿಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕೈ ಮುಂದೆ ಚಾಚಿದಳು.

"ಬಾಯಿ ತೆಗಿ."

ದೊಡ್ಡವಳು ಬಾಯಿ ತೆರೆದಳು. ತುತ್ತು ದೊಡ್ಡದಿತ್ತು. ನುಂಗಿದಳೋ ಇಲ್ಲವೋ, ಇನ್ನೊಂದು ಬಂತು.

"ನನ್ನ ಕೋಪ ಹೋಗಿಲ್ಲ" ಎಂದಳು ಚಿಕ್ಕವಳು.

"ಗೊತ್ತು."

"ಕೂಸನ್ನ ನಿನ್ನ ಕೈಗೆ ಕೊಡಲ್ಲ."

"ಕೊಡಬೇಡ."

"ಹಸಿದುಕೊಂಡು ಸತ್ತರೆ ಆ ಪಾಪ ನನಗೆ ಬೇಡ. ಅದಕ್ಕೆ ಬಂದೆ."

"ಹೂಂ."

ತುತ್ತಿನ ಮೇಲೆ ತುತ್ತು ಬಂತು. ದೊಡ್ಡವಳು ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು. ನಾಲಗೆಯ ಮೇಲೆ ಸಾರನ್ನು ತಿರುಗಿಸಿ ನೋಡಿದಳು.

"ಸಾರಿಗೆ ಏನು ಹಾಕಿದ್ದೀ?"

"ಯಾಕೆ? ಕೆಟ್ಟಿದೆಯಾ?"

"ಇಲ್ಲ." ದೊಡ್ಡವಳು ತುತ್ತು ನುಂಗಿದಳು. ಅವಳು ನೆಲ ನೋಡಿದಳು, ಗೋಡೆ ನೋಡಿದಳು, ಕೊನೆಗೆ ಚಿಕ್ಕವಳ ಮುಖವನ್ನೇ ನೋಡಿದಳು. "ಚೆನ್ನಾಗಿದೆ. ನನ್ನ ಸಾರಿಗಿಂತ ಚೆನ್ನಾಗಿದೆ. ನನಗೆ ಉರೀತಿದೆ ಕಣೆ."

ಚಿಕ್ಕವಳ ಕೈ ಗಾಳಿಯಲ್ಲೇ ನಿಂತಿತು. ಅವಳ ತುಟಿಯ ಒಂದು ಕೊನೆ ಅದುರಿತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಆದರೂ ನಗು ಇನ್ನೊಂದು ಕೊನೆಯಿಂದ ಜಾರಿತು.

"ಉರೀಲಿ. ಆರೋದರೊಳಗೆ ಉಣ್ಣು" ಎಂದು, ಈ ಸಲ ತುತ್ತನ್ನು ಸಣ್ಣದು ಮಾಡಿದಳು.